ಕಾಯಕಲ್ಪದ ಅಂಕ, ಮೆಂಟರ್ ಸಿಸ್ಟರ್, ಗೋಡೆ ಮೇಲಿನ ಚಾರ್ಟು: ಪಿಎಚ್‌ಸಿಗೆ ಯಾವುದು ಆಗಿಬರುತ್ತದೆ?

ಮಂಡ್ಯ ಜಿಲ್ಲೆಯ ಹಳ್ಳಿ ಪಿಎಚ್‌ಸಿಯೊಂದರಲ್ಲಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನಾನು ವೈದ್ಯಾಧಿಕಾರಿ. ಗುಣಮಟ್ಟ ಸುಧಾರಣೆ ಅಂತ ನಮ್ಮಲ್ಲಿ ಮೂರು ದಾರಿ ಹಿಡಿದು ನೋಡಿದ್ದೇವೆ. ಯಾವುದರಿಂದ ಶುರು ಮಾಡೋಣ ಅಂತ ಹೊಸದಾಗಿ ಸೇರಿದ ಡಾಕ್ಟರುಗಳು ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ಮೊದಲನೆಯದು ಕಾಯಕಲ್ಪ, ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆಗೆ ಅಂಕ ಹಾಕಿ ಬಹುಮಾನ ಕೊಡುವ ಯೋಜನೆ. ಕೇಂದ್ರ ಸರ್ಕಾರ 2015ರಲ್ಲಿ ತಂದದ್ದು. ಮೊದಲು ನಮಗೆ ನಾವೇ ಅಂಕ ಹಾಕಿಕೊಳ್ಳಬೇಕು, ಆಮೇಲೆ ಇನ್ನೊಂದು ಆಸ್ಪತ್ರೆಯವರು ಬಂದು ಹಾಕುತ್ತಾರೆ, ಕೊನೆಗೆ ಹೊರಗಿನ ತಂಡ. ಜಿಲ್ಲೆಗೆ ಮೊದಲು ಬಂದ ಪಿಎಚ್‌ಸಿಗೆ 2 ಲಕ್ಷ, ಶೇ. 70 ದಾಟಿದ ಉಳಿದವರಿಗೆ 50,000 ರೂಪಾಯಿ. ಅದರಲ್ಲಿ ಕಾಲು ಭಾಗ ಸಿಬ್ಬಂದಿಗೇ ಸೇರುತ್ತದೆ. ಈ ಮಾತು ಕಿವಿಗೆ ಬಿದ್ದದ್ದೇ ತಡ, ಡಿ ಗ್ರೂಪಿನವರಿಂದ ಫಾರ್ಮಸಿಯವರೆಗೆ ಎಲ್ಲರೂ ಎದ್ದು ನಿಂತರು. ಕಳೆ ಹೋಯಿತು, ತಾರಸಿ ಮೇಲಿನ ಮುರಿದ ಮಂಚಗಳು ಹೋದವು. ಹಳದಿ ಬಕೆಟ್ಟಿಗೆ ಬೀಳಬೇಕಾದ್ದು ಹಳದಿಗೇ ಬಿತ್ತು. ಇದನ್ನು ಸಣ್ಣದು ಅನ್ನಬೇಡಿ.

ಆದರೆ ಅಂಕಕ್ಕೆ ಕಾಣುವುದು ಕಟ್ಟಡ ಮತ್ತು ಕಾಗದ. ನಮ್ಮ ಬಿಪಿ ರಿಜಿಸ್ಟರ್ ಕಾಲಂ ತಪ್ಪದೆ ತುಂಬಿತ್ತು. ಒಂದು ಪುಟ ತಿರುವಿದರೆ 120/80, 130/80, 140/90. ಎಲ್ಲವೂ ಸೊನ್ನೆಯಲ್ಲೇ ಮುಗಿಯುತ್ತಿತ್ತು! ಎರಡೆರಡರ ಗೆರೆ ಇರುವ ಡಯಲ್‌ನಲ್ಲಿ ನಿಜವಾಗಿ ನೋಡಿ ಬರೆದರೆ 146, 134, 88 ಅಂತೆಲ್ಲ ಬರಲೇಬೇಕು, ಅಲ್ವಾ? ಅಂಕ ಹಾಕಲು ಬಂದ ಯಾರೂ ಅದನ್ನು ಕೇಳಲಿಲ್ಲ.

ಕೇಳಿದ್ದು ಮೆಂಟರ್ ಸಿಸ್ಟರ್, ಅಂದರೆ ಪಕ್ಕದಲ್ಲಿದ್ದು ಕೆಲಸ ತಿದ್ದಿಕೊಡುವ ಅನುಭವಿ ನರ್ಸ್. ಇದು ನಮ್ಮ ಎರಡನೆಯ ದಾರಿ. ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ವಾರ್ಡು ನೋಡಿದವರು, ತಿಂಗಳಿಗೊಮ್ಮೆ ಬರುತ್ತಿದ್ದರು. ಇದೇನು ಹೊಸ ಕಲ್ಪನೆಯಲ್ಲ. ಉತ್ತರ ಕರ್ನಾಟಕದ ಪಿಎಚ್‌ಸಿಗಳಲ್ಲಿ ಸುಕ್ಷೇಮ ಯೋಜನೆಯವರು ಹೆರಿಗೆ ಮತ್ತು ನವಜಾತ ಶಿಶುವಿನ ಆರೈಕೆಗೆ ನರ್ಸ್ ಮೆಂಟರ್‌ಗಳನ್ನೇ ಕಳಿಸುತ್ತಿದ್ದರು. ನಮ್ಮವರು ಬಂದ ಮೊದಲ ಸಲ ಫೈಲ್ ಕೇಳಲಿಲ್ಲ. ಬಿಪಿ ನೋಡುವ ಟೇಬಲ್ ಪಕ್ಕ ಕುರ್ಚಿ ಎಳೆದುಕೊಂಡು ಸುಮ್ನೆ ಕೂತರು.

ಬಿಸಿಲಲ್ಲಿ ಬಸ್‌ಸ್ಟಾಪಿನಿಂದ ನಡೆದು ಬಂದ ಅಜ್ಜನೊಬ್ಬ, ಕೂತ ಕೂಡಲೇ ದಪ್ಪ ಅಂಗಿ ತೋಳಿನ ಮೇಲೇ ಪಟ್ಟಿ. ಗಾಳಿ ಹಾಕುತ್ತಲೇ ನಮ್ಮ ಸಿಸ್ಟರು "ಮಾತ್ರೆ ತಗೊಂಡ್ರಾ ಯಜಮಾನ್ರೇ?" ಅಂತ ಕೇಳಿದರು, ಅಜ್ಜ ಮೊಮ್ಮಗನ ಮದುವೆ ಸುದ್ದಿ ಶುರು ಮಾಡಿದ. ಮೆಂಟರ್ ಎಲ್ಲರೆದುರು ಏನೂ ಅನ್ನಲಿಲ್ಲ. ಅಜ್ಜನನ್ನು ಬೆಂಚಿನ ಮೇಲೆ ಐದು ನಿಮಿಷ ಕೂರಿಸಿದರು. ಆಮೇಲೆ ತೋಳು ಬಿಚ್ಚಿಸಿ, ಕೈಯನ್ನು ಎದೆಮಟ್ಟಕ್ಕೆ ಟೇಬಲ್ ಮೇಲೆ ಇರಿಸಿ, "ಈಗ ಮಾತು ಬೇಡ ಅಜ್ಜ" ಅಂದು, "ಇನ್ನೊಂದ್ಸಲ ನೋಡಮ್ಮ" ಅಂತ ಯಂತ್ರವನ್ನು ನಮ್ಮ ಸಿಸ್ಟರ ಕೈಗೇ ಕೊಟ್ಟರು. ಮೇಲಿನದೂ ಇಳಿದಿತ್ತು, ಕೆಳಗಿನದೂ ಇಳಿದಿತ್ತು. ಮಾತ್ರೆ ಹೆಚ್ಚಿಸುವ ಪ್ರಶ್ನೆಯೇ ಉಳಿಯಲಿಲ್ಲ. ಆ ಬೆಂಚು ಅಲ್ಲೇ ಉಳಿಯಿತು. ರಿಜಿಸ್ಟರಿನಲ್ಲಿ ಸೊನ್ನೆಗಳ ಸಾಲು ಮುರಿಯಿತು. ಎಷ್ಟೋ ತರಬೇತಿಗೆ ಹೋಗಿಬಂದ ಕೈ, ಪಕ್ಕದಲ್ಲಿ ಒಬ್ಬರು ಕೂತಾಗ ಬದಲಾಯಿತು.

ತೊಂದರೆ ಏನೆಂದರೆ ಇದೆಲ್ಲ ಒಬ್ಬರ ಸ್ವಭಾವದ ಮೇಲೆ ನಿಂತಿದೆ. ಅವರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಫಾರಂ ತುಂಬಿಸಿ, ಗುಂಪು ಫೋಟೋ ತೆಗೆದು, ಊಟದ ಹೊತ್ತಿಗೆ ಹೊರಡುತ್ತಿದ್ದರು. ಅಂಥವರು ಬರುವುದಕ್ಕಿಂತ ಬಾರದಿದ್ದರೇ ವಾಸಿ.

ಮೂರನೆಯದು ನಾವೇ ಮಾಡಿಕೊಂಡದ್ದು. ಒಂದೇ ಸಮಸ್ಯೆ ಹಿಡಿಯುವುದು, ಸಣ್ಣದೊಂದು ಬದಲಾವಣೆ ಮಾಡುವುದು, ಲೆಕ್ಕ ನೋಡುವುದು, ಸರಿಬಂದರೆ ಉಳಿಸಿಕೊಳ್ಳುವುದು. ಇಂಗ್ಲಿಷಿನವರು ಪಿಡಿಎಸ್‌ಎ (ಪ್ಲ್ಯಾನ್, ಡೂ, ಸ್ಟಡಿ, ಆ್ಯಕ್ಟ್) ಅನ್ನುತ್ತಾರೆ. ಬಿಪಿ ಮಾತ್ರೆಗೆ ಜನ ಮತ್ತೆ ಬರುತ್ತಿರಲಿಲ್ಲ. ನಾವು ಸೋಮಾರಿತನ ಅಂದುಕೊಂಡಿದ್ದೆವು. "ಕಬ್ಬು ಕಡಿಯೋ ಕಾಲ್ದಲ್ಲಿ ನೀವು ಹೇಳಿದ ದಿನ ಯಾರ್ ಬರ್ತಾರೆ ಡಾಕ್ಟ್ರೇ? ಸಂತೆ ದಿನ ಹೆಂಗೂ ಈ ಕಡೆ ಬರ್ತಾರಲ್ಲ" ಅಂದದ್ದು ನಮ್ಮ ಆಶಾ ಕಾರ್ಯಕರ್ತೆ. ಯಾವ ದಿನ ಬಂದರೂ ತಿಂಗಳ ಮಾತ್ರೆ ಕೊಡಲು ಶುರು ಮಾಡಿದೆವು, ಬಂದವರ ಲೆಕ್ಕವನ್ನು ಗೋಡೆ ಚಾರ್ಟಿನಲ್ಲಿ ಗೆರೆ ಎಳೆದೆವು. ಗೆರೆ ಏರಿತು. ಖರ್ಚು ಒಂದು ಸ್ಕೆಚ್ ಪೆನ್ನು. ಆದರೆ ಇದು ಒಂದು ಹೊತ್ತಿಗೆ ಒಂದೇ ಕೆಲಸ. ಡೆಂಗಿ ಕಾಲ ಬಂದರೆ ಚಾರ್ಟು ಮರೆತೇ ಹೋಗುತ್ತದೆ.

ನನ್ನನ್ನು ಕೇಳಿದರೆ, ಸೋಪು, ಬಕೆಟ್ಟು, ನೀರಿಗೇ ಗತಿಯಿಲ್ಲದ ಕಡೆ ಕಾಯಕಲ್ಪವೇ ಮೊದಲು, ದುಡ್ಡೂ ಬರುತ್ತದೆ. ಕಟ್ಟಡ ಒಂದು ಮಟ್ಟಕ್ಕಿದ್ದರೆ ಮಾತ್ರ ಟಿಎಚ್‌ಓ (ತಾಲ್ಲೂಕು ಆರೋಗ್ಯಾಧಿಕಾರಿ) ಹತ್ತಿರ ಜಗಳವಾಡಿಯಾದರೂ ಮೆಂಟರನ್ನು ಕೇಳಿ. ಚಾರ್ಟಿಗೆ ಯಾರ ಅಪ್ಪಣೆಯೂ ಬೇಡ, ನಾಳೆಯೇ ಹಾಕಿ. ಮೆಂಟರ್ ಬರುವುದು ಓಪಿಡಿ ತುಂಬಿರುವ ದಿನವಾಗಲಿ, ಖಾಲಿ ಆಸ್ಪತ್ರೆಯಲ್ಲಿ ಅವರಿಗೆ ನೋಡಲು ಏನೂ ಸಿಗುವುದಿಲ್ಲ. ಗುರುವಾರ ಮಾತ್ರ ಬೇಡ. ಲಸಿಕೆ ದಿನ ನಮ್ಮ ಸಿಸ್ಟರುಗಳಿಗೆ ತಲೆ ಎತ್ತಲೂ ಪುರಸೊತ್ತಿರುವುದಿಲ್ಲ.