ಮಳೆಗಾಲಕ್ಕೆ ಮುನ್ನ ಮುಗಿದ ಲೈನ್ ಕೆಲಸ: ಬೆಳೆಗಾರನ ಅನಿಸಿಕೆ

ನಮ್ಮ ಕಾಫಿ ತೋಟದ ಮೇಲೆ ಹಾದುಹೋಗುವ 66 ಕಿಲೋವೋಲ್ಟ್ ಮಾರ್ಗದ ನಿರ್ವಹಣೆಯನ್ನು ಈ ಬಾರಿ ಮೇ ತಿಂಗಳಲ್ಲೇ ಮುಗಿಸಿದ್ದಾರೆ. ಕೊಡಗಿನ ಮಳೆಯನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಸಿಬ್ಬಂದಿ ಲೈನ್ ಕ್ಲಿಯರ್ (ವಿದ್ಯುತ್ ಕಡಿತಗೊಳಿಸಿ ಕೊಡುವ ಕೆಲಸದ ಅನುಮತಿ) ಪಡೆದು, ತಂತಿಗಳನ್ನು ಅರ್ತ್ ಮಾಡಿದ, ಅಂದರೆ ನೆಲಕ್ಕೆ ಜೋಡಿಸಿದ ಮೇಲಷ್ಟೇ ಗೋಪುರ ಹತ್ತಿ, ತಂತಿಯ ವಿದ್ಯುತ್ ಗೋಪುರಕ್ಕೆ ಹರಿಯದಂತೆ ತಡೆಯುವ, ಆದರೆ ಬಿರುಕುಬಿಟ್ಟಿದ್ದ ಪಿಂಗಾಣಿ ಇನ್ಸುಲೇಟರ್‌ಗಳನ್ನು ಬದಲಾಯಿಸಿದರು. ಮಳೆಯಲ್ಲಿ ನೆನೆದ ಅಂಥ ಬಿರುಕಿನ ಮೂಲಕ ವಿದ್ಯುತ್ ಗೋಪುರಕ್ಕೆ ಹರಿದರೆ ಇಡೀ ಮಾರ್ಗವೇ ಟ್ರಿಪ್ ಆಗಿ ವಿದ್ಯುತ್ ತಾನಾಗಿ ಕಡಿತಗೊಳ್ಳುತ್ತದೆ. ತಂತಿಯ ಕೆಳಗಿನ 18 ಮೀಟರ್ ಅಗಲದ ಪಟ್ಟಿಯೊಳಕ್ಕೆ ಚಾಚಿದ್ದ ಸಿಲ್ವರ್ ಓಕ್ ಕೊಂಬೆಗಳನ್ನೂ ಸವರಿದರು. ನೆರಳು ಕಳೆದುಕೊಳ್ಳುವುದು ಬೆಳೆಗಾರನಿಗೆ ನೋವೇ ಆದರೂ ಇದು ಅಗತ್ಯವಾಗಿತ್ತು. ಕಡಿದ ಕೊಂಬೆಗಳನ್ನು ರೋಬಸ್ಟಾ ಕಾಫಿ ಗಿಡಗಳ ಮೇಲೆಯೇ ಬಿಟ್ಟುಹೋದದ್ದು ಮಾತ್ರ ಖಂಡಿತ ತಪ್ಪು, ಮುಂದಿನ ವರ್ಷ ಅದನ್ನು ತಿದ್ದಿಕೊಳ್ಳಬೇಕು. ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಗಾಳಿಮಳೆಯಲ್ಲಿ ಈ ಮಾರ್ಗ ಒಮ್ಮೆಯೂ ಕೈಕೊಡಲಿಲ್ಲ.