‘ಶುಗರ್ ಫ್ರೀ’ ಪ್ಯಾಕೆಟ್ ತಿರುಗಿಸಿ ನೋಡಿ: ಕಾರ್ಬ್ ಬಿಟ್ಟವರು ಮೋಸ ಹೋಗುವ ಜಾಗಗಳು

ಸಕ್ಕರೆ ಕಾಯಿಲೆಯವರಿದ್ದ ಮಂಗಳೂರಿನ ಒಂದು ಮನೆಯಲ್ಲಿ ಆದದ್ದು. ಅನ್ನ ಬಿಟ್ಟಾಗಿತ್ತು, ನೀರ್ ದೋಸೆ ಬಿಟ್ಟಾಗಿತ್ತು, ಚಹಾಕ್ಕೆ ಸಕ್ಕರೆ ಇಲ್ಲ. ಮೀನು, ಮೊಟ್ಟೆ, ಬಸಳೆ, ತೊಂಡೆಕಾಯಿ ಅಂತ ಮೂರು ವಾರ ಕಟ್ಟುನಿಟ್ಟು. ಆದರೂ ಸಂಜೆ ಚಹಾ ಆದ ಮೇಲೆ ಮೀಟರಿನಲ್ಲಿ ಸಕ್ಕರೆ ಏರುತ್ತಲೇ ಇತ್ತು. ಮಾತ್ರೆ ಹೆಚ್ಚು ಮಾಡಬೇಕೇನೋ ಎಂಬಲ್ಲಿಗೂ ಮಾತು ಹೋಯಿತು. ಕಡೆಗೆ ಸಿಕ್ಕಿಬಿದ್ದದ್ದು ಚಹಾದ ಜೊತೆಗಿನ ನಾಲ್ಕು ಓಟ್ಸ್ ಬಿಸ್ಕತ್ತು. ಪ್ಯಾಕೆಟಿನ ಮುಖದ ಮೇಲೆ ದೊಡ್ಡದಾಗಿ ‘ಶುಗರ್ ಫ್ರೀ’ ಅಂತ ಉಂಟು. ಕಾನೂನಿನ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ.

ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದ ಪ್ರಕಾರ 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರದಿದ್ದರೆ ‘ಶುಗರ್ ಫ್ರೀ’ ಎನ್ನಬಹುದು. ಪಿಷ್ಟ ಎಷ್ಟಿದೆ ಎಂದು ಆ ಮಾತು ಕೇಳುವುದೇ ಇಲ್ಲ. ಮೈದಾದ ಪಿಷ್ಟ ಹೊಟ್ಟೆಗೆ ಹೋಗಿ ಗ್ಲೂಕೋಸ್ ಆಗುತ್ತದೆ, ಆದರೆ ಲೇಬಲ್ಲಿನ ಸಕ್ಕರೆ ಸಾಲಿನಲ್ಲಿ ಅದು ಕಾಣುವುದಿಲ್ಲ. ಆ ಬಿಸ್ಕತ್ತಿನ ಹಿಂಬದಿ ಹೀಗಿತ್ತು: ಮೈದಾ 58%, ತಾಳೆ ಎಣ್ಣೆ, ಮಾಲ್ಟಿಟಾಲ್ (ಸಕ್ಕರೆ ಬದಲಿಗೆ ಹಾಕುವ ಸಿಹಿಕಾರಕ, ಲೇಬಲ್ಲಿನಲ್ಲಿ ಅದರ ಸಂಖ್ಯೆ 965), ಮಾಲ್ಟೋಡೆಕ್ಸ್‌ಟ್ರಿನ್, ಓಟ್ಸ್ 4%. ಹೆಸರು ಓಟ್ಸ್ ಬಿಸ್ಕತ್ತು, ಓಟ್ಸ್ ನೂರಕ್ಕೆ ನಾಲ್ಕು! 100 ಗ್ರಾಂಗೆ ಕಾರ್ಬೋಹೈಡ್ರೇಟ್ (ಕಾರ್ಬ್) 68 ಗ್ರಾಂ, ಸಕ್ಕರೆ 0.3. ನಾಲ್ಕು ಬಿಸ್ಕತ್ತು ಎಂದರೆ ಸುಮಾರು 30 ಗ್ರಾಂ ತೂಕ, ಅಂದರೆ 20 ಗ್ರಾಂ ಕಾರ್ಬ್. ಬೆಂದ ಅನ್ನದಲ್ಲಿ 100 ಗ್ರಾಂಗೆ ಹೆಚ್ಚುಕಡಿಮೆ 28 ಗ್ರಾಂ ಇರುತ್ತದೆ. ಬಿಟ್ಟಿದ್ದ ಅನ್ನವೇ ಒಂದು ಸೌಟಿನಷ್ಟು ದಿನಾ ಸಂಜೆ ವಾಪಸು ಬರುತ್ತಿತ್ತು.

ಪ್ಯಾಕೆಟ್ ಕೈಗೆ ಬಂದ ಕೂಡಲೇ ನೋಡಬೇಕಾದ್ದು ಪದಾರ್ಥಗಳ ಪಟ್ಟಿ. ಯಾವುದು ತೂಕದಲ್ಲಿ ಹೆಚ್ಚೋ ಅದು ಮೊದಲು ಬರಬೇಕು ಎಂಬುದು ನಿಯಮ. ಹಾಗಾಗಿ ಮೊದಲ ಮೂರು ಹೆಸರಿನಲ್ಲೇ ಮುಕ್ಕಾಲು ಕತೆ ಮುಗಿಯುತ್ತದೆ. ಇಲ್ಲೊಂದು ಚಾಲಾಕಿ ಉಂಟು. ಸಕ್ಕರೆಯನ್ನು ಒಂದೇ ಹೆಸರಿನಲ್ಲಿ ಹಾಕಿದರೆ ಅದು ಪಟ್ಟಿಯಲ್ಲಿ ಮೇಲಕ್ಕೆ ಬರುತ್ತದೆ. ಅದನ್ನೇ ಡೆಕ್ಸ್‌ಟ್ರೋಸ್, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್, ಖರ್ಜೂರದ ಪಾಕ ಅಂತ ಒಡೆದು ಹಾಕಿದರೆ ಒಂದೊಂದೂ ಕೆಳಗಿಳಿಯುತ್ತದೆ. ಓದುವಾಗ ಅವನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ಓದಿ. ಬೆಲ್ಲವೂ ಅದೇ ಬುಟ್ಟಿಗೆ, ಎಷ್ಟೇ ‘ಸಾವಯವ’ ಆದರೂ.

ಮಾಲ್ಟೋಡೆಕ್ಸ್‌ಟ್ರಿನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಹೆಚ್ಚಿನವರು ಸೋಲುವುದು ಇಲ್ಲೇ. ಪಿಷ್ಟವನ್ನು ತುಂಡು ಮಾಡಿ ತಯಾರಿಸಿದ ಬಿಳಿ ಪುಡಿ ಇದು. ನಾಲಿಗೆಗೆ ಅಷ್ಟೇನೂ ಸಿಹಿಯಿಲ್ಲ, ಸಕ್ಕರೆಯ ಸಾಲಿನಲ್ಲಿ ಬಹುಪಾಲು ಕಾಣುವುದಿಲ್ಲ, ರಕ್ತಕ್ಕೆ ಸೇರುವುದು ಮಾತ್ರ ಗ್ಲೂಕೋಸಿನಷ್ಟೇ ಬೇಗ. ತೆಂಗಿನ ಹಾಲಿನ ಪುಡಿಯಲ್ಲಿ, ಸೂಪ್ ಪುಡಿಯಲ್ಲಿ, ಚಿಪ್ಸ್ ಮೇಲಿನ ಮಸಾಲೆಯಲ್ಲಿ, ಪ್ರೋಟೀನ್ ಪುಡಿಯಲ್ಲಿ, ಸಿಹಿಕಾರಕದ ಸಣ್ಣ ಸ್ಯಾಶೆಯಲ್ಲಿ ಕೂಡ ಇರುತ್ತದೆ. ತೆಂಗಿನ ಹಾಲಿನ ಪುಡಿಯಲ್ಲಿ ಅದಿಲ್ಲದೆ ಹಾಲು ಪುಡಿಯಾಗಿ ನಿಲ್ಲುವುದು ಕಷ್ಟ, ಹಾಗಾಗಿ ಹಾಕುತ್ತಾರೆ. ತೆಂಗು ಬೆಳೆಯುವ ಊರಿನಲ್ಲಿ ಕೂತು ಆ ಪುಡಿ ಯಾಕೆ ಬೇಕೋ ಗೊತ್ತಿಲ್ಲ. ಕಾಯಿ ತುರಿದು ಹಿಂಡಿದರಾಯಿತು. ಪುರುಸೊತ್ತಿಲ್ಲದವರು ಪ್ಯಾಕೆಟಿನ ದ್ರವ ತೆಂಗಿನ ಹಾಲು ತನ್ನಿ. ಅದರಲ್ಲಿ ಗೌರ್ ಗಮ್ (412) ಇದ್ದರೆ ಹೆದರಬೇಡಿ, ಅದು ನಾರು. ನೋಡಬೇಕಾದ್ದು 1400ರಿಂದ 1450ರವರೆಗಿನ ಸಂಖ್ಯೆಗಳನ್ನು. 1422, 1442 ಅಂತ ಇದ್ದರೆ ಅದು ಮಾರ್ಪಡಿಸಿದ ಪಿಷ್ಟ.

ಸಿಹಿಕಾರಕಗಳೆಲ್ಲ ಒಂದೇ ಅಲ್ಲ. ಸುಕ್ರಲೋಸ್ (955), ಸ್ಟೀವಿಯಾ (960), ಎರಿಥ್ರಿಟಾಲ್ (968) ಇವು ಸಕ್ಕರೆ ಏರಿಸುವುದು ಇಲ್ಲವೆನ್ನುವಷ್ಟು ಕಡಿಮೆ. ಮಾಲ್ಟಿಟಾಲ್ (965) ಹಾಗಲ್ಲ, ಅದರ ಅರ್ಧದಷ್ಟನ್ನಾದರೂ ಕಾರ್ಬ್ ಲೆಕ್ಕಕ್ಕೆ ಹಿಡಿಯಿರಿ. ಹೆಚ್ಚು ತಿಂದರೆ ಹೊಟ್ಟೆಯುಬ್ಬರ, ಭೇದಿ.

‘ನೆಟ್ ಕಾರ್ಬ್ 3 ಗ್ರಾಂ’ ಎನ್ನುವ ಬಾರ್‌ಗಳಿಗೆ ಕ್ಯಾಲ್ಕುಲೇಟರೇ ಮದ್ದು. (ನೆಟ್ ಕಾರ್ಬ್ ಎಂದರೆ ಒಟ್ಟು ಕಾರ್ಬಿನಲ್ಲಿ ನಾರು, ಮಾಲ್ಟಿಟಾಲ್ ತರಹದ್ದನ್ನು ಕಳೆದು ಉಳಿದದ್ದು.) ಪ್ರೋಟೀನನ್ನು 4ರಿಂದ, ಕೊಬ್ಬನ್ನು 9ರಿಂದ, ನೆಟ್ ಕಾರ್ಬನ್ನು 4ರಿಂದ, ನಾರನ್ನು 2ರಿಂದ ಗುಣಿಸಿ ಕೂಡಿಸಿ. ಒಂದು ಉದಾಹರಣೆ: 100 ಗ್ರಾಂಗೆ 400 ಕ್ಯಾಲೊರಿ, ಪ್ರೋಟೀನ್ 20, ಕೊಬ್ಬು 18, ನಾರು 10, ನೆಟ್ ಕಾರ್ಬ್ 3. ಕೂಡಿಸಿದರೆ 80, 162, 20, 12, ಒಟ್ಟು 274. ಉಳಿದ 126 ಕ್ಯಾಲೊರಿ ಎಲ್ಲಿಂದ ಬಂತು? 4ರಿಂದ ಭಾಗಿಸಿದರೆ 31 ಗ್ರಾಂ ಕಾರ್ಬ್ ಎಲ್ಲೋ ಅಡಗಿದೆ, ಅಥವಾ ಮಾಲ್ಟಿಟಾಲ್ ತರಹದ್ದು ಧಾರಾಳ ಇದೆ (ಅದಕ್ಕೆ ಗ್ರಾಂಗೆ 2.4 ಹಿಡಿಯಬೇಕು). ಪಟ್ಟಿಯಲ್ಲಿ ‘ಐಸೋಮಾಲ್ಟೋ ಓಲಿಗೋಸ್ಯಾಕರೈಡ್’ ಕಂಡರೂ ಸಂಶಯ ಇಟ್ಟುಕೊಳ್ಳಿ. ಅದನ್ನು ನಾರು ಎಂದು ತೋರಿಸುತ್ತಾರೆ, ಒಂದಷ್ಟು ಪಾಲು ಜೀರ್ಣವಾಗಿ ಗ್ಲೂಕೋಸೇ ಆಗುತ್ತದೆ. ಇನ್ನು, ‘ಒಂದು ಸರ್ವಿಂಗ್’ ಎಂಬ ಕಾಲಮನ್ನು ಬಿಡಿ. ಅವರ ಸರ್ವಿಂಗ್ ಎರಡು ಬಿಸ್ಕತ್ತು, ಚಹಾದ ಜೊತೆ ಎರಡಕ್ಕೆ ನಿಲ್ಲಿಸಿದವರು ಉಂಟೇ?

ನಮ್ಮ ಕಡೆಯ ಸಾಮಾನುಗಳಿಗೆ ಬಂದರೆ, ಪುನರ್ಪುಳಿ ಸಿರಪ್ ಎಂದರೆ ಸಕ್ಕರೆ ಪಾಕ, ಸಿಪ್ಪೆ ಒಣಗಿಸಿದ್ದನ್ನು ನೆನೆಸಿ ಉಪ್ಪು ಹಾಕಿ ಕುಡಿದರೆ ತೊಂದರೆಯಿಲ್ಲ. ಕೋರಿ ರೊಟ್ಟಿ ಕೈಗೆ ಹಗುರ, ಆದರೆ ಅದು ಒಣಗಿದ ಅಕ್ಕಿಯೇ: 50 ಗ್ರಾಂ ರೊಟ್ಟಿಯಲ್ಲಿ ಹತ್ತಿರಹತ್ತಿರ 40 ಗ್ರಾಂ ಕಾರ್ಬ್. ಮಸಾಲೆ ಹಚ್ಚಿ ಫ್ರೀಜ್ ಮಾಡಿದ ಬಂಗುಡೆ, ಅಂಜಲ್ ತರುವಾಗ ಮಸಾಲೆಯಲ್ಲಿ ಅಕ್ಕಿಹಿಟ್ಟು, ಕಾರ್ನ್‌ಫ್ಲೋರ್ ಇದೆಯೇ ನೋಡಿ. ಕ್ರ್ಯಾಬ್ ಸ್ಟಿಕ್ ಎಂಬುದರಲ್ಲಿ ಏಡಿಗಿಂತ ಅರೆದ ಮೀನು, ಪಿಷ್ಟ, ಸಕ್ಕರೆಯೇ ಜಾಸ್ತಿ. ಇಂಗಿನ ಡಬ್ಬಿಯಲ್ಲಿ ಮೈದಾ ಅಥವಾ ಅಕ್ಕಿಹಿಟ್ಟು ಇರುವುದು ನಿಜ, ಆದರೆ ಚಿಟಿಕೆಯಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಣಮೀನಿನಲ್ಲಿ ಕಾರ್ಬ್ ಇಲ್ಲ, ಉಪ್ಪಿನ ವಿಚಾರ ಬೇರೆ.

ಪನೀರ್, ಸಾಸೇಜ್, ತುರಿದ ಚೀಸ್‌ನಲ್ಲಿ ಪಿಷ್ಟದ ಸಂಶಯ ಬಂದರೆ ಸಣ್ಣ ತುಂಡಿನ ಮೇಲೆ ಔಷಧಿ ಅಂಗಡಿಯ ಅಯೋಡಿನ್ ಒಂದು ಹನಿ ಬಿಡಿ. ಕಡುನೀಲಿ ಆದರೆ ಪಿಷ್ಟ ಇದೆ. ಆ ತುಂಡನ್ನು ತಿನ್ನಬೇಡಿ, ಬಿಸಾಡಿ. ಮಾಲ್ಟೋಡೆಕ್ಸ್‌ಟ್ರಿನ್ ಈ ಪರೀಕ್ಷೆಯಲ್ಲಿ ಸಿಗದೆ ತಪ್ಪಿಸಿಕೊಳ್ಳಬಹುದು. ಅದಕ್ಕೆ ಮೀಟರೇ ಗತಿ: ಆ ತಿಂಡಿಯನ್ನು ಒಂದನ್ನೇ ತಿಂದು, ತಿನ್ನುವ ಮೊದಲು, 1 ಗಂಟೆಗೆ, 2 ಗಂಟೆಗೆ ಬರೆದಿಡಿ. ಚಹಾ ಕೂಡ ಬೇಡ, ಹಾಲಿನಲ್ಲೂ ಸಕ್ಕರೆಯಂಶ ಇದೆ.

ಮಾತ್ರೆಯ ವಿಷಯದಲ್ಲಿ ಇಷ್ಟು ಗಮನಿಸಿ. ಅಡಗಿದ ಕಾರ್ಬ್ ಗೊತ್ತಾಗದೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಹೆಚ್ಚಿಸಿಕೊಂಡಿದ್ದರೆ, ಆ ಬಿಸ್ಕತ್ತು ನಿಲ್ಲಿಸಿದ ದಿನವೇ ಸಕ್ಕರೆ ಕುಸಿಯಬಹುದು. ಬೆವರು, ಕೈನಡುಕ, ಕಣ್ಣು ಮಂಜು. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಯವರಿಗೆ ಕಾರ್ಬ್ ತೀರಾ ಇಳಿದರೆ, ಮೀಟರ್ ಅಷ್ಟೇನೂ ಏರದೆಯೇ ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಕುತ್ತಾಗುವ ಸ್ಥಿತಿ) ಆಗುವ ಅಪಾಯ ಉಂಟು. ಆದ್ದರಿಂದ ಪ್ಯಾಕೆಟ್ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ, ಡೋಸ್ ತಿದ್ದಿಸಿಕೊಂಡು ಆಮೇಲೆ ನಿಲ್ಲಿಸಿ.

ಬೇಕರಿಯಲ್ಲಿ ಲೇಬಲ್ ಇಲ್ಲದೆ ಮಾರುವ ‘ಕೀಟೋ ಬ್ರೆಡ್’, ‘ಡಯಾಬಿಟಿಕ್ ರಸ್ಕ್’ ತೆಗೆದುಕೊಳ್ಳಲೇಬೇಡಿ. ಲೇಬಲ್ ಇದ್ದೂ ಲೆಕ್ಕ ತಾಳೆಯಾಗದಿದ್ದರೆ ಬಿಲ್ ಮತ್ತು ಖಾಲಿ ಪ್ಯಾಕೆಟ್ ಬಿಸಾಡಬೇಡಿ. 14 ಅಂಕಿಯ ಪರವಾನಗಿ ಸಂಖ್ಯೆ, ಬ್ಯಾಚ್ ನಂಬರ್, ತಯಾರಿಕೆ ದಿನಾಂಕ ಕಾಣುವಂತೆ ಫೋಟೋ ತೆಗೆದು ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಹಾಕಬಹುದು. ಗ್ರಾಹಕ ಸಹಾಯವಾಣಿ 1915.