ಪೇಟೆಂಟ್ ಮಾಡಿಸಲು ಚಾಟ್‌ಬಾಟ್, ಎಐ ಹುಡುಕಾಟದ ಟೂಲ್, ಏಜೆಂಟ್: ಮೂರನ್ನೂ ಬಳಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೇಟೆಂಟ್ ಏಜೆಂಟ್ ಮೇಡಂಗೆ, ಅಂದರೆ ನಮ್ಮ ಪರವಾಗಿ ಪೇಟೆಂಟ್ ಅರ್ಜಿ ಬರೆದು ಹಾಕಿಕೊಡುವವರಿಗೆ. ಮೂರರಲ್ಲಿ ಜಾಸ್ತಿ ದುಡ್ಡು ಹೋಗಿದ್ದೂ ಅವರಿಗೇ. ಆದರೂ ಅವರೇ.

ಶಿರಸಿ ಹತ್ತಿರ ನಮಗೆ ಸ್ವಲ್ಪ ಅಡಿಕೆ ತೋಟವಿದೆ, ಪಕ್ಕದಲ್ಲೇ ನನ್ನ ವೆಲ್ಡಿಂಗ್ ಶೆಡ್. ಹಸಿ ಅಡಿಕೆ ಸುಲಿಯುವ ಮಷಿನ್‌ಗಳು ಬೇಕಾದಷ್ಟು ಬಂದಿವೆ. ಆದರೆ ಒಂದೇ ಗೊನೆಯಲ್ಲಿ ಸಣ್ಣ ಕಾಯಿ, ದೊಡ್ಡ ಕಾಯಿ ಎರಡೂ ಇರುತ್ತವಲ್ವಾ? ಬ್ಲೇಡಿನ ಸಂದನ್ನು ದೊಡ್ಡದಕ್ಕೆ ಹೊಂದಿಸಿದರೆ ಸಣ್ಣದು ಸುಲಿಯದೆ ಹಾಗೇ ಬೀಳುತ್ತದೆ. ಸಣ್ಣದಕ್ಕೆ ಹೊಂದಿಸಿದರೆ ದೊಡ್ಡದರ ಮೈಗೆ ಗಾಯ. ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವವರಿಗೆ ಈ ತೊಂದರೆಯೇ ಇಲ್ಲ, ಕಾಯಿಯ ಗಾತ್ರ ಅವರ ಬೆರಳಿಗೆ ಗೊತ್ತಾಗುತ್ತದೆ. ಆ ಬೆರಳಿನ ಕೆಲಸವನ್ನು ನಾನು ಸ್ಪ್ರಿಂಗಿಗೆ ಕೊಟ್ಟೆ. ಕಾಯಿ ದಪ್ಪ ಬಂದಷ್ಟು ಬ್ಲೇಡ್ ಹಿಂದೆ ಸರಿಯುತ್ತದೆ. ಅರ್ಜಿ ಹಾಕಿ ಆಗಿದೆ, ಹಾಗಾಗಿ ಈಗ ಇಷ್ಟನ್ನು ಧೈರ್ಯವಾಗಿ ಬರೆಯಬಹುದು.

ಅರ್ಜಿ ಹಾಕುವ ಮೊದಲು ಇದನ್ನು ಒಂದು ಕೃಷಿ ಮೇಳದಲ್ಲಿ ತೋರಿಸಬೇಕು ಅಂತ ಆಸೆಯಿತ್ತು. ಸ್ಟಾಲಿಗೆ ಮುಂಗಡ ಕಟ್ಟಿದ್ದೆ. ಚಾಟ್‌ಬಾಟ್‌ಗೆ ಕೇಳಿದೆ: ಮೊದಲು ಜನರಿಗೆ ತೋರಿಸಿ ಆಮೇಲೆ ಪೇಟೆಂಟ್ ಅರ್ಜಿ ಹಾಕಬಹುದಾ? ಧಾರಾಳವಾಗಿ ಹಾಕಬಹುದು, ತೋರಿಸಿದ ದಿನದಿಂದ ಒಂದು ವರ್ಷ ಸಮಯವಿದೆ ಅಂದಿತು. ಎಷ್ಟು ಚೆನ್ನಾಗಿ ಬರೆದಿತ್ತು ಅಂದರೆ ಅನುಮಾನವೇ ಬರಲಿಲ್ಲ. ಎರಡು ದಿನ ಬಿಟ್ಟು, ಇದು ಭಾರತದಲ್ಲೂ ಹೀಗೇನಾ ಅಂತ ಮತ್ತೆ ಕೇಳಿದೆ. ಹೌದು, ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಪ್ರದರ್ಶನದಲ್ಲಿ ತೋರಿಸಿದರೆ 12 ತಿಂಗಳು ಸಮಯ ಸಿಗುತ್ತದೆ ಅಂದಿತು. ಸೆಕ್ಷನ್ ನಂಬರ್ ನೋಡಿದ ಮೇಲೆ ನಂಬದೇ ಇರುವುದು ಹೇಗೆ?

ಮೇಳಕ್ಕೆ ಒಂಬತ್ತು ದಿನ ಇರುವಾಗ ಮೇಡಂಗೆ ಫೋನ್ ಮಾಡಿದೆ. ಬೇರೆ ಏನೋ ಮಾತಾಡುತ್ತಾ ಮೇಳದ ವಿಷಯ ಹೇಳಿದೆ. ಅವರು ಅಲ್ಲೇ ತಡೆದರು. "ಯಾರಿಗೂ ತೋರಿಸಬೇಡಿ. ಮಷಿನ್ ಶೆಡ್ಡಲ್ಲೇ ಇರಲಿ" ಅಂದರು.

ಆಮೇಲೆ ಬಿಡಿಸಿ ಹೇಳಿದರು. ಚಾಟ್‌ಬಾಟ್ ಮೊದಲು ಹೇಳಿದ್ದು ಅಮೆರಿಕದ ಕಾನೂನು. ಅಲ್ಲಿ ಸಂಶೋಧಕ ತಾನೇ ಬಹಿರಂಗ ಮಾಡಿದರೂ ಅರ್ಜಿ ಹಾಕಲು ಒಂದು ವರ್ಷ ಸಿಗುತ್ತದೆ. ನಮ್ಮಲ್ಲಿ ಹಾಗಿಲ್ಲ. 31ನೇ ಸೆಕ್ಷನ್‌ನಲ್ಲಿ 12 ತಿಂಗಳು ಇರುವುದು ನಿಜ, ಆದರೆ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಿದ ಪ್ರದರ್ಶನಕ್ಕೆ ಮಾತ್ರ. ನಾನು ಮುಂಗಡ ಕಟ್ಟಿದ ಮೇಳಕ್ಕೆ ಅಂಥ ಅಧಿಸೂಚನೆ ಇರಲಿಲ್ಲ. ಅಲ್ಲಿ ತೋರಿಸಿದ್ದರೆ, ನನ್ನ ಮಷಿನ್ನೇ ನನ್ನ ಪೇಟೆಂಟಿಗೆ ಅಡ್ಡ ಬರುತ್ತಿತ್ತು. ಚಾಟ್‌ಬಾಟ್ ಸೆಕ್ಷನ್ ಹೆಸರನ್ನು ಸರಿಯಾಗಿ ಹೇಳಿ, ಮುಖ್ಯವಾದ ಷರತ್ತನ್ನೇ ಬಿಟ್ಟಿತ್ತು. ಪೂರ್ತಿ ತಪ್ಪು ಹೇಳಿದ್ದರೆ ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತಿತ್ತು. ಅರ್ಧ ಸರಿ ಇದ್ದದ್ದರಿಂದಲೇ ನಾನು ನಂಬಿದ್ದು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರು ವರ್ಷದ ಕೆಲಸ ಅದು.

ಆರನೇ ದಿನಕ್ಕೆ ಮೇಡಂ ಪ್ರಾವಿಷನಲ್ ಅರ್ಜಿ, ಅಂದರೆ ಪೂರ್ಣ ಅರ್ಜಿಗೆ ಮುಂಚಿನ ತಾತ್ಕಾಲಿಕ ಅರ್ಜಿ, ಹಾಕಿದರು. ನಮ್ಮ ಕರ್ನಾಟಕಕ್ಕೆ ಚೆನ್ನೈ ಪೇಟೆಂಟ್ ಆಫೀಸು, ಆನ್‌ಲೈನಲ್ಲೇ ಆಯ್ತು. ನನ್ನಂಥ ಒಬ್ಬಂಟಿ ಅರ್ಜಿದಾರನಿಗೆ ಸರ್ಕಾರಿ ಶುಲ್ಕ ₹1,600. ಮೇಳಕ್ಕೆ ಮಷಿನ್ ಹೋಯಿತು.

ಇನ್ನು ಎಐ ಹುಡುಕಾಟದ ಟೂಲ್. ಇಂಥದ್ದಕ್ಕೆ ಮೊದಲೇ ಯಾರಾದರೂ ಪೇಟೆಂಟ್ ಮಾಡಿಸಿದ್ದಾರಾ ಅಂತ ಹುಡುಕುವುದಕ್ಕೆ. ಒಂದು ತಿಂಗಳ ಚಂದಾ ಕಟ್ಟಿ ಬಳಸಿದೆ, ದುಡ್ಡು ವಸೂಲಾಯಿತು. ಮೊದಲು ನಾನೇ ಗೂಗಲ್ ಪೇಟೆಂಟ್ಸ್‌ನಲ್ಲಿ, ನಮ್ಮ ಸರ್ಕಾರದ ಪೇಟೆಂಟ್ ಹುಡುಕಾಟದ ವೆಬ್‌ಸೈಟ್ ಇನ್‌ಪಾಸ್‌ನಲ್ಲಿ ಅರೆಕಾ ನಟ್ ಅಂತ ಹಾಕಿ ಹುಡುಕಿದ್ದೆ. ಭಾರತದವು ಒಂದಷ್ಟು ಸಿಕ್ಕಿದ್ದವು, ಅಷ್ಟೇ. ಚೀನಾದ ಹೈನಾನ್‌ನಲ್ಲೂ ಅಡಿಕೆ ಬೆಳೆಯುತ್ತಾರೆ. ಅವರ ಪೇಟೆಂಟ್‌ಗಳ ಇಂಗ್ಲಿಷ್ ಅನುವಾದದಲ್ಲಿ ಬೀಟಲ್ ನಟ್ ಅಂತ ಇರುತ್ತದೆ. ವೀಳ್ಯದೆಲೆಯ ಹೆಸರನ್ನು ಅಡಿಕೆಗೆ ಇಟ್ಟುಬಿಟ್ಟಿದ್ದಾರೆ, ನನ್ನ ತಲೆಗೆ ಅದು ಹೊಳೆಯಲೇ ಇಲ್ಲ. ಈ ಟೂಲ್ ಪದ ನೋಡುವುದಿಲ್ಲ, ಅರ್ಥ ನೋಡುತ್ತದೆ. ಮಷಿನ್ ಹೇಗೆ ಕೆಲಸ ಮಾಡುತ್ತದೆ ಅಂತ ನಾಲ್ಕು ಸಾಲು ಬರೆದರೆ ಸಾಕು, ಚೀನೀ ದಾಖಲೆಗಳನ್ನೂ ತಂದು ಮುಂದಿಟ್ಟಿತು. ಅದರಲ್ಲೊಂದು ನನ್ನದಕ್ಕೆ ತುಂಬಾ ಹತ್ತಿರವಿತ್ತು. ಅದನ್ನು ನೋಡಿಕೊಂಡೇ ಮೇಡಂ ನಮ್ಮ ಹಕ್ಕು ಎಲ್ಲಿಂದ ಶುರುವಾಗಬೇಕು ಅಂತ ನಿರ್ಧರಿಸಿದರು. ಸಿಕ್ಕಿದ ಪೇಟೆಂಟ್ ನಂಬರ್ ಪ್ರತಿಯೊಂದನ್ನೂ ಮೂಲ ದಾಖಲೆ ತೆರೆದು ನೋಡಿ. ಈ ಟೂಲ್ ಕೊಟ್ಟ ನಂಬರ್‌ಗಳೆಲ್ಲ ಇದ್ದವು. ಚಾಟ್‌ಬಾಟ್ ಕೊಟ್ಟ ಏಳರಲ್ಲಿ ಎರಡು ಎಲ್ಲೂ ಇರಲಿಲ್ಲ.

ಚಾಟ್‌ಬಾಟ್‌ನಿಂದ ಒಂದು ಒಳ್ಳೆಯದೂ ಆಯಿತು. ಸ್ಪ್ರಿಂಗ್ ಬೇಗ ಸಡಿಲವಾಗುತ್ತಿತ್ತು, ರಬ್ಬರ್ ಬುಷ್ ಸೇರಿಸಿ ನೋಡಿ ಅಂತ ಹೇಳಿದ್ದು ಅದೇ. ಸೇರಿಸಿದೆ, ನಿಂತಿತು. ಹಾಗಾದರೆ ಸಂಶೋಧಕ ಯಾರು? ಇದನ್ನು ಮೇಡಂಗೆ ಮುಚ್ಚಿಡಲಿಲ್ಲ. ಡಾಬಸ್ ಅನ್ನುವ ಎಐಯನ್ನೇ ಸಂಶೋಧಕ ಅಂತ ತೋರಿಸಿ ಸ್ಟೀಫನ್ ಥೇಲರ್ ಅನ್ನುವವರು ದೇಶ ದೇಶದಲ್ಲಿ ಅರ್ಜಿ ಹಾಕಿದ ಕತೆ ಅವರು ಹೇಳಿದರು. 2021ರಲ್ಲಿ ದಕ್ಷಿಣ ಆಫ್ರಿಕಾ ಪೇಟೆಂಟ್ ಕೊಟ್ಟಿತು. ಅಮೆರಿಕದ ಮೇಲ್ಮನವಿ ಕೋರ್ಟು 2022ರಲ್ಲಿ, ಬ್ರಿಟನ್ನಿನ ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ, ಸಂಶೋಧಕ ಮನುಷ್ಯನೇ ಆಗಿರಬೇಕು ಅಂದವು. ಆಮೇಲೆ ನನ್ನ ನೋಟ್‌ಬುಕ್ ಕೇಳಿದರು. ಬ್ಲೇಡ್ ಸರಿಯುವ ಚಿತ್ರಗಳೆಲ್ಲ ತಾರೀಕಿನ ಸಮೇತ ನನ್ನ ಕೈಯಲ್ಲೇ ಬರೆದದ್ದಿದ್ದವು, ಗ್ರೀಸಿನ ಕಲೆ ಬೇರೆ. ಅದನ್ನೇ ಹಕ್ಕಿನ ಬುಡವಾಗಿ ಇಟ್ಟುಕೊಂಡು, ಬುಷ್ ಮೇಲೆ ಏನೂ ನಿಲ್ಲದ ಹಾಗೆ ಬರೆಯೋಣ ಅಂದರು.

ಲೈಸೆನ್ಸ್ ವಿಷಯದಲ್ಲೂ ಮತ್ತೆ ಅದೇ ಕತೆ. ಶಿವಮೊಗ್ಗದ ಫ್ಯಾಬ್ರಿಕೇಟರ್ ಒಬ್ಬರು ಮಷಿನ್ ತಯಾರಿಸುತ್ತೇವೆ, ಒಂದಕ್ಕೆ ಇಷ್ಟು ಅಂತ ರಾಯಲ್ಟಿ ಕೊಡುತ್ತೇವೆ ಅಂದರು. ಚಾಟ್‌ಬಾಟ್ ಕಾಲು ಗಂಟೆಯಲ್ಲಿ ಹದಿನಾಲ್ಕು ಪುಟದ ಕರಾರು ಬರೆದುಕೊಟ್ಟಿತು. ಅವರು ಮಾಡುವ ಸುಧಾರಣೆಯೆಲ್ಲ ನನಗೊಬ್ಬನಿಗೇ ಸೇರಬೇಕು, ಅವರು ನನ್ನ ಪೇಟೆಂಟನ್ನು ಪ್ರಶ್ನೆ ಮಾಡಬಾರದು ಅಂತೆಲ್ಲ ಇತ್ತು. ಓದಿ ಖುಷಿಯಾಗಿತ್ತು. ಮೇಡಂಗೆ ಪರಿಚಯದ ವಕೀಲರು ಆ ಎರಡೂ ಕಲಮಿಗೆ ಅಡ್ಡಗೆರೆ ಎಳೆದರು. ನಮ್ಮ ಕಾಯ್ದೆಯ 140ನೇ ಸೆಕ್ಷನ್ ಪ್ರಕಾರ ಅಂಥ ಷರತ್ತು ಹಾಕುವುದೇ ಕಾನೂನಿಗೆ ವಿರುದ್ಧ. ಅವರು ಬರೆದದ್ದು ಐದು ಪುಟ, ನನಗೂ ಫ್ಯಾಬ್ರಿಕೇಟರ್‌ಗೂ ಓದಿದರೆ ಅರ್ಥವಾಗುವಂಥದ್ದು.

ಖರ್ಚು ಹೇಳುವುದಾದರೆ, ಚಾಟ್‌ಬಾಟ್ ಪುಕ್ಕಟೆ. ಟೂಲಿಗೆ ನಾಲ್ಕು ಸಾವಿರದ ಹತ್ತಿರ. ಮೇಡಂಗೆ ಇಲ್ಲಿಯವರೆಗೆ ₹28,000. ನನ್ನ ಇಡೀ ಬಜೆಟ್ಟೇ ಐವತ್ತು ಸಾವಿರ. ಸ್ಕ್ರೀನ್ ಮುಂದೆ ಗಂಟೆಗಟ್ಟಲೆ ಕೂರುವ ಅಭ್ಯಾಸ ನನಗಿಲ್ಲ, ಫೋನಲ್ಲಿ ಮಾತಾಡಿದರೇ ವಿಷಯ ತಲೆಗೆ ಹೋಗುವುದು. ಕೇಳದೇ ಇದ್ದದ್ದನ್ನೂ ಹಿಡಿದು ಎಚ್ಚರಿಸುವವರು ನನಗೆ ಬೇಕಿತ್ತು. ಅಷ್ಟು ದುಡ್ಡು ಆಗಲ್ಲ ಅನ್ನುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಚಾರಿಸಿ, ಅಲ್ಲೊಂದು ಪೇಟೆಂಟ್ ಮಾಹಿತಿ ಕೇಂದ್ರವಿದೆ.

ಪ್ರಾವಿಷನಲ್ ಹಾಕಿದ 12 ತಿಂಗಳೊಳಗೆ ಪೂರ್ಣ ಅರ್ಜಿ ಕೊಡಬೇಕು. ನನಗೆ ಇನ್ನು ಐದು ತಿಂಗಳಿದೆ. ಅಷ್ಟರಲ್ಲಿ ಟೂಲಿಗೆ ಇನ್ನೊಂದು ತಿಂಗಳ ಚಂದಾ ಕಟ್ಟಿ, ಹೊಸ ಚೀನೀ ದಾಖಲೆ ಏನಾದರೂ ಬಂದಿದೆಯಾ ಅಂತ ನೋಡಿ ಮೇಡಂಗೆ ಕಳಿಸಬೇಕು.